ಮೇಲ್ಕಟ್ಟಿನ ಮೇಲೆ ನಡೆದ ಕಾಗೆ

ಗಾಳಿಗೆ ನಮ್ಮ ಹಿತ್ತಿಲ ಕೋಣೆಯ ಶೀಟು ಹಾರಿಹೋದದ್ದು ಮೊಮ್ಮಗಳನ್ನು ಚೊಚ್ಚಲ ಹೆರಿಗೆಗೆ ಕರೆತರಬೇಕಾಗಿದ್ದ ದಿನದ ಹಿಂದಿನ ಸಂಜೆ. ದನದ ಕೊಟ್ಟಿಗೆಯದು ಹೋಗಿದ್ದರೆ ನಾನು ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಆ ಕೋಣೆಯನ್ನು ಬಾಣಂತನಕ್ಕೆಂದೇ ಸುಣ್ಣ ಬಳಿದು, ಕಿಟಕಿಯ ಸಂದುಗಳಿಗೆಲ್ಲ ಹಳೇ ಬಟ್ಟೆ ತುರುಕಿ ಸಿದ್ಧಮಾಡಿದ್ದೆ. ಬಾಣಂತಿಗೆ ಗಾಳಿ ಸೋಕಬಾರದು ಅಂತ ನಾನು ಸಂದು ಮುಚ್ಚಿದರೆ, ಗಾಳಿ ಸೂರನ್ನೇ ಎತ್ತಿಕೊಂಡು ಹೋಯಿತು.

ಬರಗೂರು ಕಡೆಯ ನಮ್ಮೂರಿಗೆ ಬೇಸಿಗೆಯ ಗಾಳಿಮಳೆ ಹೊಸದಲ್ಲ. ಆವತ್ತಿನದು ಮಾತ್ರ ಬೇರೆ. ಕೆರೆಯ ಮೇಲೆ ಮೋಡ ಕಪ್ಪಗೆ ಕೂತಿತ್ತು. ಎಲೆ ಅಲ್ಲಾಡುತ್ತಿರಲಿಲ್ಲ. ಸೆಕೆಗೆ ಕೋಳಿಗಳೂ ಬಾಯಿ ಬಿಟ್ಟುಕೊಂಡು ನಿಂತಿದ್ದವು. ಇದ್ದಕ್ಕಿದ್ದಂತೆ ತಣ್ಣನೆಯ ಗಾಳಿ, ಮೇಲಿಂದ ಯಾರೋ ಹಂಡೆ ಬಗ್ಗಿಸಿದ ಹಾಗೆ ಬಿತ್ತು. ಎಲೆಯಡಿಕೆ ಬಾಯಿಗೆ ಹಾಕಿ ಅಗಿದು ಉಗಿಯುವಷ್ಟು ಹೊತ್ತು, ಅಷ್ಟೇ. ಆಮೇಲೆ ನೋಡಿದರೆ ನಮ್ಮ ಸಾಲಿನ ಹಿತ್ತಿಲುಗಳೆಲ್ಲ ಬೋಳು. ಎದುರು ಸಾಲಿನಲ್ಲಿ ಒಂದು ಹೆಂಚೂ ಕದಲಿರಲಿಲ್ಲ.

ಬೆಳಗಾಗುತ್ತಲೇ ಮಗ ಹೊಲದ ಕಡೆ ಹೋಗಿ ಏನೇನು ಹೋಗಿದೆ ನೋಡಿಕೊಂಡು ಬಂದ.

"ಶೀಟು ಹೊಂಗೆ ಮರಕ್ಕೆ ಸೀರೆ ಉಡ್ಸಿದಂಗೆ ಸುತ್ಕೊಂಡೈತೆ ಕಣವ್ವ. ಬಿದ್ದಿರೋ ಮರ ಎಲ್ಲಾವು ಮೂಡ್ಲ ಕಡೀಕೇ ತಲೆ ಹಾಕ್ಕೊಂಡು ಮಲಗವೆ, ಯಾರೋ ಹಾಸಿ ಮಲಗ್ಸಿದಂಗೆ."

ಕರೆಂಟು ಇರಲಿಲ್ಲ, ಫೋನೂ ಸತ್ತಿತ್ತು. ಸೊಸೆ ಮುಖ ಸಪ್ಪಗೆ ಮಾಡಿಕೊಂಡು ಬಂದಳು.

"ಅತ್ತೆ, ಇವತ್ತು ಬ್ಯಾಡ. ಸೂರು ಹಾಕ್ಸಿ ಆಮೇಲೆ ಕರ್ಕೊಂಡ್ ಬರಾನ."

"ಆಮೇಲೆ ಅಂದ್ರೆ ಮಗು ಎತ್ಕೊಂಡೇ ಬತ್ತಾಳೆ. ಪೊರಕೆ ತಗಾ."

ನನ್ನ ಲೆಕ್ಕ ಸರಿಯಾಗಿಯೇ ಇತ್ತು. ಹುಡುಗಿಗೆ ಒಂಬತ್ತು ತುಂಬುತ್ತಿತ್ತು. ಚೊಚ್ಚಲು ತೌರಿನಲ್ಲೇ ಆಗಬೇಕು, ಅದು ನಮ್ಮಲ್ಲಿ ನಡೆದುಕೊಂಡು ಬಂದದ್ದು. ಆದರೆ ಅವಳ ಅತ್ತೆ, ಅಂದರೆ ನಮ್ಮ ಬೀಗಿತ್ತಿ, ಸೀಮಂತದ ದಿನವೇ ನಮ್ಮ ಹಿತ್ತಿಲ ಕೋಣೆಯನ್ನು ಮೇಲೆ ಕೆಳಗೆ ನೋಡಿ, "ನಮ್ಮನೇಲೇ ಆಗ್ಲಿ ಬುಡಿ, ಟೈಲ್ಸ್ ಹಾಕ್ಸೀವಿ" ಅಂದಿದ್ದಳು. ಅವರೂರು ಕೆರೆಯ ಆಚೆ ದಡಕ್ಕಿದೆ. ಈ ಕೋಣೆಗೆ ಸೂರೇ ಇಲ್ಲ ಅಂತ ಅವಳಿಗೆ ಗೊತ್ತಾದರೆ ಹುಡುಗಿ ಈ ಕಡೆ ಬರುವ ಮಾತೇ ಇಲ್ಲ.

ಅಕ್ಕಪಕ್ಕದವರೆಲ್ಲ ಮುರಿದದ್ದನ್ನು ಮುಟ್ಟದೆ ಕಾಯುತ್ತಿದ್ದರು, ಹಾನಿ ನೋಡಲು ಗ್ರಾಮಲೆಕ್ಕಿಗ ಬರುತ್ತಾನೆ ಅಂತ. ನಾವು ಮಾತ್ರ ಚೂರುಪಾರನ್ನೆಲ್ಲ ತಿಪ್ಪೆಗೆ ಸಾಗಿಸಿ, ಸಗಣಿ ಸಾರಿಸಿ, ರಂಗೋಲಿ ಬಿಟ್ಟೆವು. ಮದುವೆಮನೆಯಲ್ಲಿ ಮೇಲ್ಕಟ್ಟು ಕಟ್ಟುತ್ತಾರಲ್ಲ, ಹಾಗೆ ಗೋಡೆಯಿಂದ ಗೋಡೆಗೆ ನನ್ನ ಹಳೇ ಸೀರೆಗಳನ್ನು ಬಿಗಿದು ಕಟ್ಟಿದೆವು. ಬಾಗಿಲಿಗೆ ಮಾವಿನ ತೋರಣ. ಗಾಳಿಗೆ ಮುರಿದುಬಿದ್ದ ಕೊಂಬೆಯದೇ ಎಲೆ, ಕೀಳುವ ಕೆಲಸವೂ ಇರಲಿಲ್ಲ.

ಇನ್ನು ಹೋಗಿ ಕರೆದುಕೊಂಡು ಬರಬೇಕು ಅಂತ ನಾನು ಸೀರೆ ಬದಲಾಯಿಸುತ್ತಿದ್ದೆ. ಬಾಗಿಲಲ್ಲಿ ಆಟೊ ನಿಂತಿತು. ಮೊಮ್ಮಗಳನ್ನು ಕೈಹಿಡಿದು ಇಳಿಸುತ್ತಿದ್ದವಳು ಬೀಗಿತ್ತಿಯೇ! ತೌರಿನವರು ಹೋಗಿ ಮಡಿಲಕ್ಕಿ ತುಂಬಿಸಿಕೊಂಡು ಕರೆತರುವುದು ಬಿಟ್ಟು, ಅತ್ತೆಯೇ ತಂದು ಬಿಡುವುದೆಂದರೇನು? ನನಗೆ ಆಗಲೇ ಅನುಮಾನ ಬರಬೇಕಿತ್ತು. ನನ್ನ ಗಮನವೆಲ್ಲ ಮೇಲ್ಕಟ್ಟಿನ ಗಂಟುಗಳ ಮೇಲಿತ್ತು.

"ಆಟೊ ಈ ಕಡೀಕೇ ಬತ್ತಿತ್ತು, ನಿಮಗ್ಯಾಕೆ ತೊಂದ್ರೆ ಅಂತ ಬಂದ್ಬುಟ್ವಿ" ಅಂದಳು ಬೀಗಿತ್ತಿ. "ನಿಮ್ಮೂರಲ್ಲಿ ಗಾಳಿ ಗೀಳಿ ಏನಾರ ಬಂತಾ ಅಮ್ಮ?"

"ಗಾಳಿನಾ? ಏನೋ ಒಸಿ ತಣ್ಣಗೆ ಬೀಸ್ತು. ನಿಮ್ಮ ಕಡೆ?"

"ನಮ್ಮ ಕಡೇನೂ ಅಷ್ಟೇಯ. ಒಸಿ ತಣ್ಣಗೆ."

ಮೊಮ್ಮಗಳು ನನ್ನ ಮುಖ ನೋಡಿದಳು, ಅವಳ ಅತ್ತೆಯ ಮುಖ ನೋಡಿದಳು, ಸೆರಗು ಬಾಯಿಗೆ ಒತ್ತಿಕೊಂಡಳು. ವಾಕರಿಕೆ ಇರಬೇಕು ಅಂದುಕೊಂಡೆ.

ಕೋಣೆಯೊಳಗೆ ಕೂರಿಸಿ ಪಾನಕ ಕೊಟ್ಟೆವು. ಬೀಗಿತ್ತಿ ತಲೆಯೆತ್ತಿದಳು.

"ಏನ್ ಅಲಂಕಾರ ಅಮ್ಮ! ಕರೆಂಟಿಲ್ದೆ ಎಷ್ಟೊಂದು ಬೆಳಕು ಈ ರೂಮಲ್ಲಿ!"

"ನಮ್ಮನೆ ಮೊದ್ಲಿಂದ್ಲೂ ಬೆಳಕೇ ಕಣಮ್ಮ."

ಅಷ್ಟರಲ್ಲಿ ಕಾಗೆಯೊಂದು ಬಂದು ಮೇಲ್ಕಟ್ಟಿನ ಮೇಲೆ ಇಳಿಯಿತು. ಸೀರೆ ಜಗ್ಗಿತು. ಬಿಸಿಲಿಗೆ ಅದರ ನೆರಳು, ಕಾಲುಬೆರಳು ಸಹಿತ, ಆ ತುದಿಯಿಂದ ಈ ತುದಿಗೆ ಠೀವಿಯಿಂದ ನಡೆದುಕೊಂಡು ಹೋಯಿತು. ನಾಲ್ವರೂ ತಲೆಯೆತ್ತಿ ಅದನ್ನೇ ನೋಡಿದೆವು. ಬೀಗಿತ್ತಿ ಇನ್ನೊಂದು ಲೋಟ ಪಾನಕ ಕೇಳಿದಳು.

ಆಗ ಹಿತ್ತಿಲ ಬಾಗಿಲಲ್ಲಿ ಗ್ರಾಮಲೆಕ್ಕಿಗ ನಿಂತ. ಕೈಯಲ್ಲಿ ಫೋನು.

"ಅಜ್ಜಿ, ಹಾನಿ ಎಲ್ಲೈತೆ?"

"ಇಲ್ಯಾವ್ ಹಾನೀನೂ ಇಲ್ಲ, ಪಕ್ಕದ ಮನೆಗೆ ಹೋಗಪ್ಪ."

"ನಿಮ್ಮ ಮಗಾನೇ ಹೇಳಿದ್ದು, ಹಿತ್ತಿಲ ಕೋಣೆ ಶೀಟು ಪೂರ್ತಿ ಹೋಗೈತೆ ಅಂತ. ನೀವು ನೋಡಿದ್ರೆ ತೋರಣ ಕಟ್ಟೀರಿ!" ಅನ್ನುತ್ತಾ ಒಳಗೆ ಬಗ್ಗಿದವನು ಬೀಗಿತ್ತಿಯನ್ನು ಕಂಡು ನಕ್ಕ. "ಅರೆ, ನೀವಿಲ್ಲಿ! ಈಗ್ತಾನೆ ನಿಮ್ಮನೆ ಫೋಟೊ ಹಿಡ್ಕೊಂಡು ಬಂದೆ ಕಣಮ್ಮ. ನಿಮ್ಮ ಯಜಮಾನ್ರು ಇನ್ನೂ ಆ ಬೀಳಂಗಿರೋ ತೊಲೆ ತಬ್ಕೊಂಡೇ ನಿಂತವ್ರೆ. ಟೈಲ್ಸ್ ರೂಮ್ ತುಂಬ ನೀರು."

ಬೀಗಿತ್ತಿ ಪಾನಕದ ಲೋಟ ಕೆಳಗಿಟ್ಟಳು. ನಾನು ಸೊಂಟದ ಮೇಲೆ ಕೈಯಿಟ್ಟೆ.

"ಒಸಿ ತಣ್ಣಗೆ ಬೀಸ್ತಾ ನಿಮ್ಮ ಕಡೆ?"

"ನಿಮ್ಮನೆ ಮೊದ್ಲಿಂದ್ಲೂ ಬೆಳಕಾ ಅಮ್ಮ?"

ಮೊಮ್ಮಗಳು ಬಾಯಿಂದ ಸೆರಗು ತೆಗೆದಳು. ವಾಕರಿಕೆಯಲ್ಲ, ಅವಳು ಆವಾಗಿನಿಂದ ನಗು ತಡೆದುಕೊಂಡಿದ್ದಳು. ಈಗ ಹೊಟ್ಟೆ ಹಿಡಿದುಕೊಂಡು ನಗತೊಡಗಿದಳು. ನನ್ನ ಸೊಸೆ ಗೋಡೆಗೆ ಒರಗಿ ನಕ್ಕಳು. ಬೀಗಿತ್ತಿ ಕಣ್ಣೊರೆಸಿಕೊಳ್ಳುತ್ತಾ, "ನಮ್ಮನೇಲಿ ಮಲಗ್ಸೋಕೆ ಜಾಗ ಇಲ್ಲ ಅಂತ ಹೆಂಗೆ ಹೇಳ್ಲಿ ಅಮ್ಮ? ನಿಮ್ಮ ಕಡೆ ಏನೂ ಆಗಿರಲ್ಲ ಅಂತ ಓಡ್ಬಂದೆ" ಅಂದಳು.

ಗ್ರಾಮಲೆಕ್ಕಿಗ ಬಿಡಿಸಿ ಹೇಳಿದ. ಕೆರೆಯಾಚೆ ಮರಗಳೆಲ್ಲ ಪಡುವಲಕ್ಕೆ ಬಿದ್ದಿವೆಯಂತೆ, ನಮ್ಮಲ್ಲಿ ಮೂಡಲಕ್ಕೆ. ಗಾಳಿ ಕೆರೆಯ ಮೇಲೆ ಬಿದ್ದು ಎರಡೂ ದಡಕ್ಕೆ ಚೆಲ್ಲಿದೆ. ನೆಲಕ್ಕೆ ಬಗ್ಗಿಸಿದ ನೀರು ಸುತ್ತ ಚೆಲ್ಲುವುದನ್ನು ನಾನು ದಿನಾ ನೋಡುತ್ತೇನೆ, ಅದೂ ಹಾಗೇ ಅಂತ ಅರ್ಥವಾಯಿತು. ಒಂದೇ ಗಾಳಿ ಬೀಗರಿಬ್ಬರ ಮನೆಗೂ ಬಂದು ಹೋಗಿತ್ತು, ಭೇದ ಮಾಡಿರಲಿಲ್ಲ.

"ಸೊಸೆ ಇಲ್ಲೇ ಇರ್ಲಿ" ಅಂದಳು ಬೀಗಿತ್ತಿ. "ಚೊಚ್ಚಲು ತೌರಲ್ಲೇ ಚೆಂದ. ಬೇಕಾದ್ರೆ ನಾನೂ ಇದ್ಬುಡ್ತೀನಿ."

"ಒಬ್ಬ ಬಾಣಂತಿ ಸಾಕು ನಂಗೆ. ನೀನು ಹೋಗಿ ಗಂಡನ್ನ ತೊಲೆ ಕೆಳಗಿಂದ ಬುಡ್ಸು."

ಮಗ ಅಷ್ಟರಲ್ಲಿ ಶೀಟನ್ನು ಮರದಿಂದ ಬಿಡಿಸಿ ತಂದು, ಬೀದಿಯಲ್ಲಿ ಹಾಸಿ, ಕೊಡತಿಯಲ್ಲಿ ಬಡಿದು ನೆಟ್ಟಗೆ ಮಾಡುತ್ತಿದ್ದ. ಸಂಜೆಯೊಳಗೆ ಎತ್ತಿ ಕೂರಿಸಬಹುದು ಅಂದ. ಆದರೆ ಕೂರಿಸುವ ಮೊದಲು ಫೋಟೊ ಆಗಬೇಕಲ್ಲ. ಸೀರೆಯ ಗಂಟು ಬಿಚ್ಚಲು ನಾನು ಹತ್ತಿ ನಿಲ್ಲುವ ಸ್ಟೂಲು ಹುಡುಕುತ್ತಿದ್ದರೆ, ಬೀಗಿತ್ತಿಯೇ ಮಂಚ ಹತ್ತಿ ಎಳೆದು ಹಾಕಿದಳು. ಆಕಾಶ ಪೂರ್ತಿ ಕೋಣೆಯೊಳಕ್ಕೆ ಬಂತು.

ಗ್ರಾಮಲೆಕ್ಕಿಗ ನಮ್ಮನ್ನು ಗೋಡೆಯ ಪಕ್ಕ ನಿಲ್ಲಿಸಿದ. ಫೋಟೊ ತೆಗೆದು ನೋಡಿ ತಲೆ ಚಚ್ಚಿಕೊಂಡ.

"ನಗಬ್ಯಾಡ್ರಮ್ಮಾ, ಹಾನಿ ಫೋಟೊ ಇದು! ಮೇಲಿನೋರು ನೋಡಿದ್ರೆ ಮದ್ವೆ ಮನೆ ಅಂತಾರೆ."

ಇನ್ನೊಂದು ಸಲ ಮುಖ ಬಿಗಿದುಕೊಂಡು ನಿಂತೆವು. ಮೊಮ್ಮಗಳು "ಒಸಿ ತಣ್ಣಗೆ" ಅಂತ ಮೆಲ್ಲಗೆ ಅಂದಳು. ಅದೂ ಕೆಟ್ಟಿತು. ಕೊನೆಗೆ ಅವನು ನಮ್ಮನ್ನೆಲ್ಲ ಹೊರಗೆ ಅಟ್ಟಿ ಖಾಲಿ ಕೋಣೆಯದು ತೆಗೆದುಕೊಂಡ.

ಆಮೇಲೆ ತೋರಿಸಿದ. ಗೋಡೆಯ ತುದಿಯಲ್ಲಿ ಆ ಕಾಗೆ ಕೂತಿತ್ತು. ಅದೊಂದು ಮಾತ್ರ ನಗುತ್ತಿರಲಿಲ್ಲ.