ನಾಲ್ಕನೆಯ ಹೊರೆದಾರಿ

ನೈರೋಬಿಯ ಇಂಡಸ್ಟ್ರಿಯಲ್ ಏರಿಯಾದ ನಮ್ಮ ಫ್ಯಾಕ್ಟರಿಗೆ ಹೋದ ವಾರ ರೆಸಿನ್ ಡ್ರಮ್ಮುಗಳು ಬಂದವು. ಒಂದರ ಮುಚ್ಚಳ ಸಡಿಲವಾಗಿತ್ತೇನೋ, ಸ್ಟೋರಿನ ತುಂಬ ಆ ಕಟು ವಾಸನೆ. ಸ್ಟೋರ್ ಕೀಪರ್ ಮೂಗು ಮುಚ್ಚಿಕೊಂಡು ಹೊರಗೆ ಓಡಿದ. ನಾನು ಮಾತ್ರ ಅಲ್ಲೇ ನಿಂತೆ... ಟೀಚರ್ ಮನೆಯ ಹಿತ್ತಲಿನ ವಾಸನೆ ಅದು. ಅಲ್ಲಿ ಎರಡು ಮರದ ಸ್ಟ್ಯಾಂಡುಗಳ ಮೇಲೆ ಒಂದು ಹಸಿರು ಫೈಬರ್ ದೋಣಿ ಸದಾ ಮಗುಚಿ ಬಿದ್ದಿರುತ್ತಿತ್ತು. ಬಂಡೆ ತಾಗಿ ಸೀಳಿದಲ್ಲೆಲ್ಲ ಅವರು ರೆಸಿನ್ ಮೆತ್ತುತ್ತಿದ್ದರು.

ಟೀಚರ್ ಅಂದರೆ ನನಗೆ ಪಾಠ ಹೇಳಿದವರಲ್ಲ. ಮಂಗಳೂರಿನ ಕಡೆಯವರು, ಚಿಕ್ಕ ವಯಸ್ಸಿನಲ್ಲೇ ನೈರೋಬಿಗೆ ಭೂಗೋಳ ಕಲಿಸಲು ಬಂದು ಇಲ್ಲೇ ಉಳಿದವರು. ಮದುವೆಯಾಗಿರಲಿಲ್ಲ. ರಿಟೈರಾದ ಮೇಲೆ ಸ್ಪ್ರಿಂಗ್ ವ್ಯಾಲಿಯ ದೊಡ್ಡ ಬಂಗಲೆಯೊಂದರ ಹಿಂದಿನ ಎರಡು ಕೋಣೆಗಳಲ್ಲಿ ಬಾಡಿಗೆಗಿದ್ದರು. ಕನ್ನಡ ಕೂಟದ ಊಟದ ಪಂಕ್ತಿಯಲ್ಲಿ ನನ್ನ ಭುಜ ನೋಡಿ, ಹೆಸರು ಕೇಳುವ ಮೊದಲೇ, "ನಿನಗೆ ಭಾರ ಹೊರ್ಲಿಕ್ಕೆ ಆಗ್ತದಾ ಮಾರಾಯ?" ಎಂದು ಕೇಳಿದ್ದರು. ಮೈಸೂರಿನಿಂದ ಹೊಸದಾಗಿ ಬಂದಿದ್ದ ನಾನು ಗ್ಯಾಸ್ ಸಿಲಿಂಡರ್ ಇರಬೇಕೆಂದುಕೊಂಡು ಹೂಂ ಅಂದೆ.

ಹೊರಬೇಕಾದದ್ದು ದೋಣಿ. ಅವರು ಕೆಲಸದಲ್ಲಿದ್ದ ಕಾಲದಲ್ಲಿ ಶಾಲೆಯ ದೊಡ್ಡ ಮಕ್ಕಳನ್ನು ಕರೆದುಕೊಂಡು ಅಥಿ ನದಿಯಲ್ಲಿ ದಿನಗಟ್ಟಲೆ ದೋಣಿಯಲ್ಲಿ ಹೋಗುತ್ತಿದ್ದರಂತೆ. ದಾರಿಯಲ್ಲಿ ನಾಲ್ಕು ಕಡೆ ನದಿ ಬಂಡೆಗಳ ಮೇಲಿಂದ ಧುಮುಕುತ್ತದೆ. ಅಲ್ಲೆಲ್ಲ ದೋಣಿಯನ್ನು ದಡಕ್ಕೆಳೆದು, ತಲೆಯ ಮೇಲೆ ಹೊತ್ತು, ಕಾಡಿನ ಕಾಲುದಾರಿಯಲ್ಲಿ ನಡೆದು ಕೆಳಗಿನ ನೀರಿಗೆ ಇಳಿಸಬೇಕು. ಈ ದಾರಿಗಳಿಗೆ ಟೀಚರ್ ಹೊರೆದಾರಿ ಅನ್ನುತ್ತಿದ್ದರು. "ಇಷ್ಟೊತ್ತು ಅದು ನಮ್ಮನ್ನು ಹೊತ್ತದ್ದು ಸಾಕು, ಇನ್ನು ನಾವು ಅದನ್ನು ಹೊರುವ" ಅನ್ನುವುದು ಪ್ರತಿ ಸಲದ ತಮಾಷೆ. ಶಾಲೆಯವರು ಆ ಪ್ರವಾಸ ನಿಲ್ಲಿಸಿದ ಮೇಲೆ ಮುಳ್ಳು, ಲಂಟಾನ ಬೆಳೆದು ನಾಲ್ಕೂ ದಾರಿಗಳು ಮುಚ್ಚಿಹೋಗಿದ್ದವು. ಅವನ್ನು ಮತ್ತೆ ತೆರೆದು, ಕೊನೆಯವರೆಗೆ ಇನ್ನೊಂದು ಸಲ ದೋಣಿಯಲ್ಲಿ ಹೋಗಬೇಕು. ಅರವತ್ತೈದು ದಾಟಿದ ಅವರಿಗಿದ್ದ ಆಸೆ ಅದೊಂದೇ.

ಎರಡು ವರ್ಷ ಶನಿವಾರಗಳೆಲ್ಲ ಅದಕ್ಕೇ ಹೋದವು. ನದಿಯ ಪಕ್ಕದ ಹಳ್ಳಿಯ ಮುದುಕರೊಬ್ಬರು ಪಂಗಾ ಕತ್ತಿ ಹಿಡಿದು ಮುಂದೆ ಮುಳ್ಳು ಸವರುತ್ತಿದ್ದರು. ನಾವಿಬ್ಬರೂ ಅವರನ್ನು ಮ್ಜೇ ಎಂದೇ ಕರೆಯುತ್ತಿದ್ದೆವು, ಇಲ್ಲಿ ಹಿರಿಯರಿಗೆಲ್ಲ ಅದೇ ಹೆಸರು. ನಾನು ಕಡಿದದ್ದನ್ನು ಎಳೆದು ಹಾಕುತ್ತಿದ್ದೆ. ಟೀಚರ್ ಮಡಿಕೆ ಬಿದ್ದ ಹಳೆಯ ನಕ್ಷೆ ಹಿಡಿದು ಇಬ್ಬರನ್ನೂ ಬೈಯುತ್ತಿದ್ದರು. ಬೈಗುಳದ ಕೊನೆಗೆ ಡಬ್ಬಿಯಿಂದ ನೀರುದೋಸೆ ಬರುತ್ತಿತ್ತು. ಅಷ್ಟು ಸಂತೋಷವಾಗಿ ನಾನು ಈ ಊರಿನಲ್ಲಿ ಮತ್ತೆ ಯಾವತ್ತೂ ಇರಲಿಲ್ಲ.

ಮೂರನೆಯ ಹೊರೆದಾರಿ ತೆರೆದ ದಿನ ಅವರು ಬೇರೆ ಕೆಲಸದ ಮೇಲೆ ನಗರದಲ್ಲೇ ಉಳಿದಿದ್ದರು. ನದಿ ಧುಮುಕುವ ಅಬ್ಬಿಗೆ ಸ್ವಲ್ಪ ಮೊದಲು, ದೋಣಿ ದಡಕ್ಕೆ ಹತ್ತಿಸುವ ಜಾಗದಲ್ಲಿ ನೀರಿನಿಂದ ಕಾಣುವ ಹಾಗೆ ಬಿಳಿ ಬಟ್ಟೆ ಕಟ್ಟು, ನಿನ್ನ ಹಳೇ ಪಂಚೆ ಹರಿದು ತಗೊಂಡು ಹೋಗು ಎಂದು ನನಗೆ ಹೇಳಿದ್ದರು. ನಾನು ಪಂಚೆ ಮರೆತೆ. ಕಾರಿನ ಡಿಕ್ಕಿಯಲ್ಲಿ ರಾಜ್ಯೋತ್ಸವಕ್ಕೆ ಕೂಟದ ಹಾಲಿಗೆಲ್ಲ ಕಟ್ಟಿ ಉಳಿದಿದ್ದ ಹಳದಿ-ಕೆಂಪು ತೋರಣವಿತ್ತು. ನಮ್ಮ ಬಾವುಟದಷ್ಟು ಎದ್ದು ಕಾಣುವುದು ಇನ್ಯಾವುದಿದೆ ಎಂದುಕೊಂಡು ಅದನ್ನೇ ಮರಕ್ಕೆ ಸುತ್ತಿದೆ. ಹೆಮ್ಮೆಯೂ ಆಯಿತು. ಆ ದಡದ ಜಾಲಿ ಮರಗಳ ತೊಗಟೆಯೇ ಹಳದಿ, ಅದರ ಹಿಂದಿನ ಮಣ್ಣು ಕೆಂಪು ಅನ್ನುವುದು ನನ್ನ ಮಂದ ಬುದ್ಧಿಗೆ ಹೊಳೆಯಲೇ ಇಲ್ಲ.

ಮುಂದಿನ ವಾರ, ತೆರೆದಷ್ಟು ದೂರ ಹೋಗಿ ನೋಡಲು ದೋಣಿ ಇಳಿಸಿದೆವು. ಟೀಚರ್ ಮುಂದೆ ಕೂತು ದಾರಿ ನೋಡುವವರು, ನಾನು ಹಿಂದೆ, ಮ್ಜೇ ದಡದಲ್ಲಿ ನಡೆದು. ತಿರುವು ದಾಟಿದೆವು. ತೋರಣದ ವಿಷಯ ನಾನು ಹೇಳಿರಲಿಲ್ಲ, ಅವರು ಬಿಳಿ ಬಟ್ಟೆ ಹುಡುಕುತ್ತಿದ್ದರು. ನಾನೇ ಕಟ್ಟಿದ ತೋರಣ ನನಗೂ ಕಾಣಲಿಲ್ಲ. ಅಬ್ಬಿಯ ಸದ್ದು ಒಮ್ಮೆಲೇ ಹತ್ತಿರವಾಯಿತು, ನೀರು ಎಳೆಯತೊಡಗಿತು. ಟೀಚರ್ ದಡದ ಮರದ ಬೇರನ್ನು ಬಲಗೈಯಲ್ಲಿ ಹಿಡಿದುಬಿಟ್ಟರು. ದೋಣಿ ಗಿರ್ರನೆ ತಿರುಗಿ ಮಣ್ಣಿಗೆ ಬಡಿಯಿತು, ಮ್ಜೇ ಓಡಿ ಬಂದು ಎಳೆದುಕೊಂಡರು. ಜೀವ ಉಳಿಯಿತು. ಟೀಚರ್ ಭುಜದ ಕೀಲು ತಪ್ಪಿತ್ತು.

ಮ್ಜೇ ಅವರ ಕೈಗೆ ಬಟ್ಟೆ ಕಟ್ಟುತ್ತಿದ್ದಾಗ ನಾನು ಚೀಲ ತರುವ ನೆಪದಲ್ಲಿ ಮೇಲಕ್ಕೆ ಹೋದೆ. ತೋರಣ ಬಿಚ್ಚಿ ಜೇಬಿಗೆ ತುರುಕಿಕೊಂಡೆ. ಇದನ್ನು ಬರೆಯುವಾಗಲೂ ಕಿವಿ ಬಿಸಿಯಾಗುತ್ತದೆ.

"ನೀನು ಬಟ್ಟೆ ಕಟ್ಟಿದ್ದಿ ಅಲ್ವಾ?" ಎಂದು ಟೀಚರ್ ಕೇಳಿದರು.

"ಕಟ್ಟಿದ್ದೆ ಟೀಚರ್."

"ಹಾಗಾದ್ರೆ ನನ್ನ ಕಣ್ಣೇ ಹೋಯ್ತು ಮಾರಾಯ."

ನಾನು ಚೀಲ ಹೆಗಲಿಗೇರಿಸಿಕೊಂಡೆ.

ಭುಜ ಎರಡು ತಿಂಗಳಲ್ಲಿ ಸರಿಹೋಯಿತು. ಕಣ್ಣಿನ ಡಾಕ್ಟರು ವಯಸ್ಸಿಗೆ ತಕ್ಕಂತೆ ಚೆನ್ನಾಗಿಯೇ ಇದೆ ಅಂದರೂ ಅವರು ನಂಬಲಿಲ್ಲ. "ಅವರು ಸಮಾಧಾನಕ್ಕೆ ಹೇಳುದು. ಇನ್ನೊಬ್ಬರ ಜೀವ ಇಟ್ಕೊಂಡು ಮುಂದೆ ಕೂರ್ಲಿಕ್ಕೆ ನನಗೆ ಹೆದರಿಕೆ ಉಂಟು" ಎಂದು ದೋಣಿಯನ್ನು ನನಗೇ ಕೊಟ್ಟುಬಿಟ್ಟರು. ನಾಲ್ಕನೆಯ ದಾರಿ ಹಾಗೇ ಉಳಿಯಿತು. ಅದರಾಚೆ ನದಿ ಅಗಲವಾಗಿ, ಕವಲೊಡೆದ ತಾಳೆ ಮರಗಳ ನಡುವೆ ಎರಡು ದಿನ ಏನನ್ನೂ ಹೊರಿಸದೆ ಹರಿಯುತ್ತದಂತೆ. ಸ್ಪ್ರಿಂಗ್ ವ್ಯಾಲಿಗೆ ಹೋದಾಗಲೆಲ್ಲ ಅದನ್ನೇ ವರ್ಣಿಸುತ್ತಿದ್ದರು. ಇವತ್ತು ಹೇಳಿಬಿಡುತ್ತೇನೆ ಎಂದುಕೊಂಡು ಹೋಗುತ್ತಿದ್ದೆ. ಚಾ ಕುಡಿದು ವಾಪಸು ಬರುತ್ತಿದ್ದೆ.

ಕೊನೆಗೆ ಅವರು ತಂಗಿಯ ಜೊತೆ ಇರಲು ಮಂಗಳೂರಿಗೆ ಹೊರಟರು. ಏರ್‌ಪೋರ್ಟಿಗೆ ಬಿಟ್ಟವನು ನಾನೇ. ಎಂಬಕಸಿಯ ಹತ್ತಿರ ಲಾರಿ ಜಾಮು, ಕಾರಿನಲ್ಲಿ ನಾವಿಬ್ಬರೇ, ಪೂರ್ತಿ ಎರಡು ಗಂಟೆ. ಒಂದು ತಪ್ಪು ಒಪ್ಪಿಕೊಳ್ಳಲು ಎರಡು ನಿಮಿಷ ಸಾಕಿತ್ತು. ನಾನು ಮಟಾಟು ವ್ಯಾನಿನ ಡ್ರೈವರುಗಳನ್ನು ಬೈಯುತ್ತ ಕೂತೆ. ಇಳಿಯುವಾಗ ಅವರು ಅಂದರು: "ನಾಲ್ಕನೆಯದನ್ನು ಬಿಡಬೇಡ. ಮುಂದೆ ಮಾತ್ರ ಕಣ್ಣು ಸರಿ ಇರುವವರನ್ನು ಕೂರಿಸು, ಆಯ್ತಾ?"

ಹೋದ ವರ್ಷ ಅವರ ತಂಗಿ ಫೋನು ಮಾಡಿ, ಟೀಚರ್ ತೀರಿಕೊಂಡರೆಂದರು. ನಿದ್ದೆಯಲ್ಲೇ ಹೋದರಂತೆ. ಇನ್ನು ಯಾರಿಗೆ ಹೇಳಲಿ?

ಈ ಜನವರಿಯಲ್ಲಿ ಮ್ಜೇ ಮತ್ತು ನಾನು ನಾಲ್ಕನೆಯದನ್ನೂ ಕಡಿದು ತೆರೆದೆವು. ದೋಣಿ ಹೊತ್ತು ನಡೆದು ಕೆಳಗಿನ ನೀರಿಗೆ ಇಳಿಸಿದೆವು. ಮ್ಜೇ ಮುಂದೆ ಕೂತರು. ನದಿ ಟೀಚರ್ ಹೇಳಿದಷ್ಟೇ ಅಗಲವಾಗಿತ್ತು, ತಾಳೆ ಮರಗಳು ಅವರು ಹೇಳಿದ ಹಾಗೆಯೇ ನಿಂತಿದ್ದವು. ಟೀಚರ್ ಇರಬೇಕಿತ್ತು. ಅವರಿಗೆ ಇದನ್ನು ತಪ್ಪಿಸಿದವನು ನಾನು. ಹುಟ್ಟು ಮಡಿಲಲ್ಲಿಟ್ಟುಕೊಂಡು ಕನ್ನಡದಲ್ಲಿ ಗಟ್ಟಿಯಾಗಿಯೇ ಹೇಳಿದೆ: "ನಿಮ್ಮ ಕಣ್ಣು ಸರಿಯಾಗಿತ್ತು ಟೀಚರ್. ಬಿಳಿ ಬಟ್ಟೆ ನಾನು ಕಟ್ಟಿರಲೇ ಇಲ್ಲ."

ಮ್ಜೇ ತಿರುಗಿ ನೋಡಿ, ಏನಂದೆ ಎಂದು ಸ್ವಾಹಿಲಿಯಲ್ಲಿ ಕೇಳಿದರು.

ಏನಿಲ್ಲ ಎಂದೆ.