ಕಾಜಕ್ಕ ಕಳೆದುಕೊಂಡ ಮಧ್ಯಾಹ್ನ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಊರ ಹೊರಗಿನ ಅಂಗಿ ಕಾರ್ಖಾನೆಯ ಉದ್ದನೆಯ ಹಾಲಿನಲ್ಲಿ ಒಂದೇ ಒಂದು ಟ್ಯೂಬ್‌ಲೈಟ್ ಉರಿಯುತ್ತಿದೆ. ಅದರ ಕೆಳಗೆ ಐವತ್ತು ದಾಟಿದ ಹೆಂಗಸೊಬ್ಬರು ಹಳೆಯ ಮಷೀನಿಗೆ ಎಣ್ಣೆ ಬಿಡುತ್ತಾ ಅದಕ್ಕೆ ಬೈಯುತ್ತಿದ್ದಾರೆ. "ಏನು ನಿನ್ನ ಜಂಬ? ನಿನ್ನೆಯೆಲ್ಲಾ ದಾರ ಕಡಿದು ಕಡಿದು ನನ್ನ ಮಾನ ಕಳೆದೆ. ಇವತ್ತು ಬಾಯಿ ಮುಚ್ಕೊಂಡು ಕೆಲಸ ಮಾಡ್ಬೇಕು, ಗೊತ್ತಾಯ್ತಾ?" ಚಿಂದಿ ಬಟ್ಟೆಯೊಂದನ್ನು ಸೂಜಿಯ ಕೆಳಗಿಟ್ಟು ಪೆಡಲ್ ಒತ್ತುತ್ತಾರೆ. ಸೂಜಿ ಈ ಬದಿ ಹೊಲಿದು, ತಿರುಗಿ ಆ ಬದಿ ಹೊಲಿಯುತ್ತದೆ. ಆಮೇಲೆ ಪುಟ್ಟ ಚಾಕು ಟಪ್ಪನೆ ಇಳಿದು ನಡುವೆ ಸೀಳುತ್ತದೆ. ಗುಂಡಿ ತೂರಿಸುವ ಆ ಸೀಳಿಗೆ ಕಾಜಾ ಎನ್ನುತ್ತಾರೆ. ಈ ಹೆಂಗಸಿಗೆ ಕಾರ್ಖಾನೆಯಲ್ಲಿರುವ ಹೆಸರು ಕಾಜಕ್ಕ.

ಅಂಗಿ ಕೊಳ್ಳುವಾಗ ನಾವು ಬಣ್ಣ ನೋಡುತ್ತೇವೆ, ಕಾಲರ್ ನೋಡುತ್ತೇವೆ, ಗುಂಡಿಯನ್ನೂ ನೋಡುತ್ತೇವೆ. ಕಾಜಾ ನೋಡಿ ಅಂಗಿ ಕೊಂಡವರನ್ನು ನಾನಂತೂ ಕಂಡಿಲ್ಲ. ದಿನಕ್ಕೆ ಎರಡು ಸಾವಿರಕ್ಕೆ ಕಡಿಮೆಯಿಲ್ಲದಂತೆ ಕಾಜಾ ಹೊಡೆಯುವ ಇವರಿಗೆ ಅದರ ಬಗ್ಗೆ ದೂರೂ ಇಲ್ಲ. "ತೂತನ್ನ ಯಾರು ಹೊಗಳ್ತಾರೆ ಹೇಳಿ? ಗುಂಡಿ ಸಲೀಸಾಗಿ ಹೋದ್ರೆ ನಮ್ಮ ನೆನಪೇ ಬರಲ್ಲ, ಹೋಗದಿದ್ರೆ ಬೈಗುಳ," ಎಂದು ನಗುತ್ತಾರೆ. ಆದರೆ ಕೆಲಸದ ವಿಷಯಕ್ಕೆ ಬಂದರೆ ನಗು ನಿಲ್ಲುತ್ತದೆ. "ಹೊಲಿಗೆ ತಪ್ಪಿದ್ರೆ ಬಿಚ್ಚಿ ಮತ್ತೆ ಹೊಲೀಬಹುದು. ಕಾಜಾ ತಪ್ಪಿದ್ರೆ ಬಟ್ಟೇನೇ ಹೋಯ್ತು."

ಈ ಕಾರ್ಖಾನೆ ಮೊದಲು ಇಲ್ಲಿರಲಿಲ್ಲ. ಅದು ಇದ್ದದ್ದು ಊರ ಒಳಗೆ, ಕಾಜಕ್ಕನ ಮನೆಯಿಂದ ಎರಡು ಬೀದಿ ಆಚೆ. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಅವರು ಅಲ್ಲೇ ದುಡಿದರು. ಮಧ್ಯಾಹ್ನದ ಗಂಟೆ ಹೊಡೆದ ಕೂಡಲೇ ಬೇರೆ ಹೆಂಗಸರು ಡಬ್ಬಿ ಬಿಚ್ಚುತ್ತಿದ್ದರೆ ಇವರು ಚಪ್ಪಲಿ ಮೆಟ್ಟಿಕೊಂಡು ಮನೆಗೆ ಓಡುತ್ತಿದ್ದರು. ಮನೆಯಲ್ಲಿ ತಮ್ಮ ಮಲಗಿರುತ್ತಿದ್ದ. ಗೋಡೆಗೆ ಬಣ್ಣ ಬಳಿಯುವ ಕೆಲಸದವನು. ಗೋಡೆಗೆ ಕಟ್ಟಿದ್ದ ಬಿದಿರಿನ ಸಾರುವೆ ಮೇಲಿಂದ ಬಿದ್ದು ಸೊಂಟದ ಕೆಳಗೆ ಸ್ವಾಧೀನ ಕಳೆದುಕೊಂಡ. ಮಲಗಿದ ಮೈಯನ್ನು ಹೊತ್ತುಹೊತ್ತಿಗೆ ಮಗ್ಗುಲು ಬದಲಿಸದಿದ್ದರೆ ಬೆನ್ನು ಹುಣ್ಣಾಗುತ್ತದೆ. ಬೆಳಿಗ್ಗೆ ಒಂದು ಮಗ್ಗುಲು, ಮಧ್ಯಾಹ್ನ ಇನ್ನೊಂದು. ಮಗ್ಗುಲು ಬದಲಿಸಿ, ಬಟ್ಟೆ ಬದಲಿಸಿ, ಬಿಸಿ ಮಾಡಿ ಉಣಿಸಿ, ತಾವು ನಿಂತೇ ಎರಡು ತುತ್ತು ನುಂಗಿ ವಾಪಸ್ ಓಡುತ್ತಿದ್ದರು. ಮದುವೆ ಯಾಕೆ ಆಗಲಿಲ್ಲ ಎಂದು ನಾನು ಕೇಳಿದೆ. "ಮಧ್ಯಾಹ್ನ ಪುರುಸೊತ್ತಿರಲಿಲ್ಲ," ಎಂದರು.

ಒಂದು ದಿನ ಮಾಲೀಕರು ಎಲ್ಲರನ್ನೂ ಸೇರಿಸಿ ಸುದ್ದಿ ಹೇಳಿದರು. ಕಾರ್ಖಾನೆ ಊರ ಹೊರಗೆ ಹೋಗುತ್ತದೆ, ಅಲ್ಲಿ ದೊಡ್ಡ ಕಟ್ಟಡ, ಒಳ್ಳೆಯ ಗಾಳಿ. ಬೆಳಿಗ್ಗೆ ಕಾರ್ಖಾನೆಯದೇ ಬಸ್ಸು ಕರೆದೊಯ್ಯುತ್ತದೆ, ಸಂಜೆ ಬಿಡುತ್ತದೆ. ಇಸ್ತ್ರಿ ಮತ್ತು ಪ್ಯಾಕಿಂಗ್ ಮಾತ್ರ ಹಳೆಯ ಕಟ್ಟಡದಲ್ಲೇ ಉಳಿಯುತ್ತದೆ. ಗಾಳಿಯ ಬಗ್ಗೆ ಅಷ್ಟು ಹೇಳಿದವರು, ನಿಮಗೆ ಒಪ್ಪಿಗೆಯೇ ಎಂದು ಮಾತ್ರ ಕೇಳಲಿಲ್ಲ. ಕಾಲರ್ ಹೊಲಿಯುವ ಹೆಂಗಸೊಬ್ಬಳು, ಕೈಗೂಸಿನ ತಾಯಿ, ಮರುದಿನವೇ ತನಗೆ ಅಷ್ಟು ದೂರ ಆಗುವುದಿಲ್ಲ ಎಂದು ಬರೆದುಕೊಟ್ಟಳು. ಉಳಿದವರು ಅವಳನ್ನು ದುಡುಕಿನವಳು ಎಂದರು. ಕಾಜಕ್ಕನೂ ಅಂದರು. ಸಮಯ ನೋಡಿ ಮ್ಯಾನೇಜರ್ ಹತ್ತಿರ ಮೆಲ್ಲಗೆ ಮಾತಾಡಿದರಾಯಿತು ಎಂದುಕೊಂಡರು.

ಆ ಸಮಯ ಬರುವ ಮೊದಲೇ ಲಾರಿ ಬಂತು. ಸಾಮಾನು ಸಾಗಿಸುವವರು ಮಷೀನುಗಳನ್ನು ಮೂಟೆ ಎಸೆದಂತೆ ಎಸೆಯುತ್ತಿದ್ದರು. ಕಾಜಾ ಮಷೀನ್ ಮೊದಲೇ ಮುಂಗೋಪಿ. ಚಾಕು ಕೂದಲೆಳೆಯಷ್ಟು ಸರಿದರೂ ಹೊಲಿಗೆಯನ್ನೇ ಕತ್ತರಿಸುತ್ತದೆ. ಕಾಜಕ್ಕನಿಗೆ ತಡೆಯಲಾಗಲಿಲ್ಲ. "ಏಯ್, ಅದನ್ನ ಮುಟ್ಬೇಡಿ!" ಎಂದು ಸೂಜಿ, ಚಾಕು ಇರುವ ಅದರ ತಲೆಯನ್ನು ತಾವೇ ಬಿಚ್ಚಿ, ಹಳೆಯ ಚಾದರ ಸುತ್ತಿ, ಲಾರಿ ಹತ್ತಿ ತೊಡೆಯ ಮೇಲಿಟ್ಟುಕೊಂಡು ಕೂತರು. ಹೊಸ ಜಾಗದಲ್ಲಿ ತಾವೇ ಕೂರಿಸಿದರು. ಕೂರಿಸಿದ ಮೇಲೆ ನಡೆಸಿ ನೋಡಬೇಡವೇ? ನಡೆಸಿದರು. ಅಷ್ಟರಲ್ಲಿ ಅರ್ಜೆಂಟ್ ಮಾಲು ಬಂದಿತ್ತು. ನಾಲ್ಕು ದಿನ ಕೂತು ಅದನ್ನೂ ಮುಗಿಸಿಕೊಟ್ಟರು. ಆ ನಾಲ್ಕು ದಿನ ಪಕ್ಕದ ಮನೆಯಾಕೆ ತಮ್ಮನನ್ನು ನೋಡಿಕೊಂಡಳು.

ಐದನೆಯ ದಿನ ಮ್ಯಾನೇಜರ್ ಮುಂದೆ ನಿಂತು, "ಸಾರ್, ನನಗೆ ಮಧ್ಯಾಹ್ನ ಮನೆಗೆ ಹೋಗ್ಬೇಕು. ಹಳೇ ಕಟ್ಟಡದಲ್ಲಿ ಪ್ಯಾಕಿಂಗ್ ಆದ್ರೂ ಕೊಡಿ," ಎಂದು ಕೇಳಿದರು.

"ಈಗ ಹೇಳ್ತೀರಲ್ಲಮ್ಮ! ಎಲ್ಲರಿಗಿಂತ ಮೊದಲು ಬಂದೋರೇ ನೀವು. ಮಷೀನ್ ಬೇರೆ ಹೊತ್ಕೊಂಡು ಬಂದ್ರಿ. ನಾನೇನು ಕರೆದಿದ್ನಾ?"

ಕಾಜಕ್ಕ ವಾಪಸ್ ಹೋಗಿ ಮಷೀನಿನ ಮುಂದೆ ಕೂತರು. ಹಗ್ಗ ಕೊಟ್ಟು ಕೈ ಕಟ್ಟಿಸಿಕೊಳ್ಳುವುದು ಎಂದರೆ ಇದೇ. ಆ ಮಾಲೀಕರ ಮಷೀನನ್ನು ಇವರು ಕೂಸಿನಂತೆ ಹೊತ್ತು ತಂದರು, ಅವರು ಅದನ್ನೇ ಒಪ್ಪಿಗೆಯ ಸಾಕ್ಷಿ ಮಾಡಿಕೊಂಡರು. ಇದನ್ನು ಬರೆಯುವಾಗಲೂ ನನಗೆ ಸಿಟ್ಟು ಬರುತ್ತದೆ. ಕಾಜಕ್ಕನಿಗೆ ಬರುವುದಿಲ್ಲ. "ಅವರ ತಪ್ಪು ಅರ್ಧ, ನಂದು ಅರ್ಧ," ಎನ್ನುತ್ತಾರೆ. ತಮಗಾದ ಅನ್ಯಾಯದಲ್ಲಿ ಇಷ್ಟು ಉದಾರವಾಗಿ ಪಾಲು ತೆಗೆದುಕೊಳ್ಳುವವರನ್ನು ನಾನು ನೋಡಿರಲಿಲ್ಲ.

ತಿಂಗಳುಗಳು ಕಳೆದ ಮೇಲೆ ಯಾರೋ ಹೇಳಿದರೆಂದು ಕಾರ್ಮಿಕರ ಸಂಘದ ವಕೀಲಮ್ಮನ ಬಳಿ ಹೋದರು. ಅವರು ಕುರ್ಚಿ ಎಳೆದು ಕೂರಿಸಿ ಬಿಡಿಸಿ ಹೇಳಿದರು. "ಕೆಲಸದ ಜಾಗ ಬದಲಾಯಿಸೋ ಮೊದಲು ಅವರು ನಿಮ್ಮನ್ನ ಕೇಳ್ಬೇಕಿತ್ತು. ಎಲ್ಲಿಗೆ ಬೇಕಾದ್ರೂ ಕಳಿಸ್ತೀವಿ ಅಂತ ಕೆಲಸಕ್ಕೆ ಸೇರಿಸ್ಕೊಳ್ಳುವಾಗ ನಿಮಗೆ ಹೇಳಿಲ್ಲ. ಮನೇಲಿ ಇಂಥ ಕಷ್ಟ ಇದೆ, ಅಷ್ಟು ದೂರ ಆಗಲ್ಲ ಅನ್ನೋ ಹಕ್ಕು ನಿಮಗಿತ್ತು. ಬೇರೆ ದಾರಿ ಇಲ್ದೆ ಹೋಗಲೇಬೇಕಾಗಿ ಬಂದಿದ್ರೂ, ನಾನು ಒಪ್ಪಿ ಬಂದಿಲ್ಲ ಅಂತ ಶುರುವಲ್ಲೇ ಬರೆದುಕೊಡ್ಬೇಕಿತ್ತು ಅಕ್ಕ. ಸುಮ್ನೆ ಇಷ್ಟು ದಿನ ದುಡಿದ್ರೆ ಒಪ್ಪಿದ ಹಾಗೇ ಅಂತಾರೆ." ಆದರೂ ಪ್ರಯತ್ನ ಮಾಡೋಣ ಎಂದು ವಕೀಲಮ್ಮ ಅರ್ಜಿ ಹಾಕಿಸಿದರು. ಅದು ಇನ್ನೂ ವಿಚಾರಣೆಯಲ್ಲಿದೆ. ಬರೆದುಕೊಟ್ಟ ಆ ದುಡುಕಿನವಳು ಹಳೆಯ ಕಟ್ಟಡದ ಪ್ಯಾಕಿಂಗಿನಲ್ಲಿದ್ದಾಳೆ, ಮಧ್ಯಾಹ್ನ ಮನೆಗೆ ಹೋಗಿ ಮಗುವಿಗೆ ಹಾಲು ಕೊಟ್ಟು ಬರುತ್ತಾಳೆ.

ಅರ್ಜಿ ಕಾಯುತ್ತದೆ, ಮೈ ಕಾಯುವುದಿಲ್ಲ. ಮಧ್ಯಾಹ್ನ ತಮ್ಮನನ್ನು ನೋಡಿಕೊಳ್ಳಲು ಬರುತ್ತಿದ್ದ ಪಕ್ಕದ ಮನೆಯಾಕೆ ಒಳ್ಳೆಯವಳೇ. ಆದರೆ ಬೆಳೆದ ಗಂಡಸನ್ನು ಒಬ್ಬಳೇ ಹೊರಳಿಸುವ ಶಕ್ತಿ ಅವಳಿಗಿರಲಿಲ್ಲ, ಪರಹೆಂಗಸಿನ ಮುಂದೆ ಬಟ್ಟೆ ಬದಲಿಸಿಕೊಳ್ಳಲು ಇವನಿಗೆ ನಾಚಿಕೆ. "ಈಗಷ್ಟೇ ಹೊರಳಿದೆ" ಎಂದು ದಿನಾ ಸುಳ್ಳು ಹೇಳಿ ಕಳಿಸಿಬಿಡುತ್ತಿದ್ದ. ಬೆನ್ನಿನಲ್ಲಿ ಹುಣ್ಣಾಯಿತು. ಅದನ್ನು ಅಕ್ಕನಿಂದಲೂ ಮುಚ್ಚಿಟ್ಟ. ಜ್ವರ ಏರಿ ಆಸ್ಪತ್ರೆ ಸೇರಿದ ಮೇಲೆ ಗೊತ್ತಾಯಿತು. ಕೆಲಸ ಬಿಟ್ಟುಬಿಡುತ್ತೇನೆ ಎಂದು ಕಾಜಕ್ಕ ಅತ್ತರು. ಬಿಟ್ಟರೆ ಔಷಧಿಗೆ ಏನು ಮಾಡುತ್ತೀಯ ಎಂದು ತಮ್ಮನೇ ಕೇಳಿದ. ಊರ ಇನ್ನೊಂದು ತುದಿಯ ಆರೈಕೆ ಕೇಂದ್ರಕ್ಕೆ ತನ್ನನ್ನು ಸೇರಿಸು ಎಂದವನೂ ಅವನೇ. ಈಗ ಅವರ ಭೇಟಿ ಭಾನುವಾರಕ್ಕೊಮ್ಮೆ.

ಆ ಭಾನುವಾರದಲ್ಲೂ ಒಂದು ತುಣುಕನ್ನು ಕಾಜಕ್ಕ ಬೇರೆಯವರಿಗೆ ಕೊಡುತ್ತಾರೆ. ಎಲ್ಲಾದರೂ ಕಾರ್ಖಾನೆ ಜಾಗ ಬದಲಿಸುವ ಸುದ್ದಿ ಕಿವಿಗೆ ಬಿದ್ದರೆ ಅಲ್ಲಿನ ಹೆಂಗಸರ ಮನೆ ಹುಡುಕಿಕೊಂಡು ಹೋಗುತ್ತಾರೆ. ನಾನು ಜೊತೆಗಿದ್ದ ದಿನ, ಸ್ವೆಟರ್ ಕಾರ್ಖಾನೆಯವರು ಏಳೆಂಟು ಮಂದಿ ಮೆಟ್ಟಿಲ ಮೇಲೆ ಕೂತು ಕೇಳುತ್ತಿದ್ದರು. "ಮೊದಲು ಕೇಳಿ. ಯಾಕೆ ಹೋಗಬೇಕು, ಎಷ್ಟು ದೂರ, ಹೋಗೋ ಬರೋ ಹೊತ್ತು ಯಾರ ಲೆಕ್ಕಕ್ಕೆ, ಎಲ್ಲಾ ಕೇಳಿ. ಆಗದಿದ್ರೆ ಆಗಲ್ಲ ಅಂತ ಬರೆದು ಕೊಡಿ. ಕೇಳಿದ್ರೆ ಯಾರೂ ತಲೆ ತೆಗೆಯಲ್ಲ. ನಾನು ಕೇಳ್ಲಿಲ್ಲ, ನೋಡಿ." ಒಬ್ಬಳು ಕೇಳಿದಳು, "ಮಾಲೀಕರು ಬೇಜಾರು ಮಾಡ್ಕೊಂಡ್ರೆ ಅಕ್ಕ?"

"ಮಾಡ್ಕೊಳ್ಳಲಿ ಬಿಡೇ. ಅವರ ಬೇಜಾರು ಎರಡು ದಿನ ಇರತ್ತೆ. ನಂದು ನೋಡು, ಹೋಗೋದೇ ಇಲ್ಲ."

ಅಲ್ಲಿಂದ ಆರೈಕೆ ಕೇಂದ್ರಕ್ಕೆ ಹೋದೆವು. ಸಾಲು ಮಂಚಗಳ ಕೋಣೆ, ಕಿಟಕಿ ಪಕ್ಕದ ಮಂಚದಲ್ಲಿ ತಮ್ಮ. "ಬಂದ್ಲಪ್ಪ ನಮ್ಮ ಲೀಡರು," ಎಂದು ಪಕ್ಕದ ಮಂಚದವರಿಗೆ ಕೇಳುವಂತೆ ಹೇಳಿದ. ಆಯಾ ಆಗತಾನೇ ಮಗ್ಗುಲು ಬದಲಿಸಿ ಹೋದಳು ಎಂದೂ ಹೇಳಿದ. ಕಾಜಕ್ಕ ಕೇಳಿಸಿಕೊಂಡೂ ಮತ್ತೆ ಹೊರಳಿಸಿದರು, ಬೆನ್ನು ನೋಡಿದರು, ಅಂಗಿ ಎಳೆದು ಸರಿಮಾಡಿದರು. ಅವನು ಸುಮ್ಮನೆ ಮಾಡಿಸಿಕೊಂಡ.

ಏನಾದರೂ ಆಸೆ ಇದೆಯೇ ಎಂದು ಹೊರಡುವ ಮುನ್ನ ಕಾಜಕ್ಕನನ್ನು ಕೇಳಿದೆ. ಅರ್ಜಿ ಗೆಲ್ಲಬೇಕು ಎನ್ನುತ್ತಾರೆ ಎಂದುಕೊಂಡಿದ್ದೆ.

"ಮಧ್ಯಾಹ್ನ ಮನೆ ಬಾಗಿಲು ತೆಗೆದ್ರೆ ಇವನು ಒಳಗಿಂದ 'ಯಾರದು?' ಅಂತ ಕೂಗೋನು. ನಾನೇ ಅಂತ ಗೊತ್ತಿದ್ರೂ ದಿನಾ ಕೂಗೋನು. 'ಕಳ್ಳಿ ಕಣೋ' ಅಂತಿದ್ದೆ ನಾನು," ಎಂದು ಕಾಜಕ್ಕ ಸೆರಗಿನಿಂದ ಮೂಗು ಒರೆಸಿಕೊಂಡರು. "ಈಗ ಸಂಜೆ ಹೋಗಿ ಬೀಗ ತೆಗೀತೀನಿ. ಯಾರೂ ಕೇಳಲ್ಲ. ಇನ್ನೊಂದು ಸಲ ಕೇಳಿದ್ರೆ ಸಾಕು ನಂಗೆ, ಯಾರದು ಅಂತ."