ಟೆಸ್ಟ್‌ಟ್ಯೂಬಿನ ಇಪ್ಪತ್ತು ನಿಮಿಷ

ಮೊನ್ನೆ ಮುಲುಂಡಿನ ನಮ್ಮ ಮನೆಗೆ ಪಾತ್ರೆ ತೊಳೆಯುವ ಹೊಸ ಸೋಪು ಬಂತು, ಲಿಂಬೆ ವಾಸನೆಯದು. ಲೋಟ ತೊಳೆಯುತ್ತಿದ್ದ ನನಗೆ ಜೀವ ಬಾಯಿಗೆ ಬಂತು. ಆ ವಾಸನೆಯ ಹಿಂದೆಯೇ ನಮ್ಮ ಲ್ಯಾಬಿನ ಮಾಮ ಬರುತ್ತಾರೆ...

ಆಗ ನಾನು ವಿಲೆ ಪಾರ್ಲೆಯ ಕಾಲೇಜೊಂದರಲ್ಲಿ ಸಂಶೋಧನೆಗೆ ಸೇರಿ ಹದಿನೈದು ದಿನವಾಗಿತ್ತಷ್ಟೆ. ಕೊಳಕುಮಂಡಲ ಹಾವಿನ ಒಣಗಿಸಿದ ವಿಷದಿಂದ, ರಕ್ತದ ಹೆಪ್ಪು ಕರಗಿಸುವ ಕಿಣ್ವವನ್ನು ಬೇರ್ಪಡಿಸುವುದು ಕೆಲಸ. ಅದು ಹೃದಯಾಘಾತಕ್ಕೆ ಮದ್ದಾದೀತೆಂದು ನಮ್ಮ ಸರ್‌ಗೆ ಆಸೆ. ಮಾಮ ಅಲ್ಲಿನ ಅಟೆಂಡರ್, ಉಡುಪಿ ಕಡೆಯವರು. ರಕ್ತ ಪರೀಕ್ಷಿಸುವ ಟ್ಯೂಬುಗಳನ್ನು ಬರೀ ನೀರಿನಲ್ಲಿ ತೊಳೆದು, ಒಣಗಿಸಿ, ಬಿಸ್ಕತ್ತಿನ ಡಬ್ಬಿಯಲ್ಲಿಡುತ್ತಿದ್ದರು. ಸೋಪು ಹಾಕದ್ದು ಸೋಮಾರಿತನ ಎಂದುಕೊಂಡ ಜಾಣೆ ನಾನು. ಒಂದು ಸಂಜೆ ಅವರಿಗೆ ಹೇಳದೆ ಲಿಂಬೆ ಸೋಪು ಹಾಕಿ ಫಳಫಳ ತೊಳೆದಿಟ್ಟೆ.

ಮರುದಿನವೇ ವಿಷದ ಸೀಸೆ ಒಡೆದು ಗಾಜು ನನ್ನ ಬೆರಳಿಗೆ ಚುಚ್ಚಿತು. ಸರ್ ನನ್ನ ರಕ್ತ ತೆಗೆದು, ಡಬ್ಬಿಯ ಟ್ಯೂಬೊಂದಕ್ಕೆ ಹಾಕಿ ಮಾಮನ ಕೈಗಿತ್ತು, ಮದ್ದು ಸಿದ್ಧ ಮಾಡಿಸಲು ತಾವು ಬೈಕಿನಲ್ಲಿ ಆಸ್ಪತ್ರೆಗೆ ಮುಂದೆ ಹೋದರು. ನಾವಿಬ್ಬರು ರಿಕ್ಷಾ ಹತ್ತಿದೆವು. ಇಪ್ಪತ್ತು ನಿಮಿಷದಲ್ಲಿ ರಕ್ತ ಹೆಪ್ಪುಗಟ್ಟಿದರೆ ಬಚಾವು. ಇಲ್ಲದಿದ್ದರೆ ವಿಷ ಏರಿದೆ ಎಂದರ್ಥ.

ಹೈವೇ ತುಂಬ ಟ್ರಾಫಿಕ್. ವಿಷ ಏರಿದರೆ ಒಸಡಿನಲ್ಲಿ ರಕ್ತ ಒಸರುತ್ತದಂತೆ; ಬಂತೇ ಎಂದು ನಾಲಿಗೆಯಿಂದ ಮುಟ್ಟಿ ಮುಟ್ಟಿ ನೋಡಿದೆ. ಅಮ್ಮನಿಗೆ ಯಾರು ಹೇಳುತ್ತಾರೋ ಎಂದು ಅಳು ಬಂತು.

"ಹೆದರ್ಬೇಡ ಮಾರಾಯ್ತಿ, ಎಂತ ಸಹ ಆಗುದಿಲ್ಲ," ಎಂದರು ಮಾಮ.

ಇಪ್ಪತ್ತು ನಿಮಿಷವಾಯಿತೆಂದು ಗಡಿಯಾರ ನೋಡಿ ಟ್ಯೂಬನ್ನು ಓರೆ ಮಾಡಿದರು. ರಕ್ತ ನೀರಿನಂತೆ ಹರಿಯಿತು. ಅವರು ನನ್ನ ಕೈ ಹಿಡಿದುಕೊಂಡರು. ಆಸ್ಪತ್ರೆ ಬರುವವರೆಗೂ ಬಿಡಲಿಲ್ಲ.

ಆಸ್ಪತ್ರೆಯವರು ತಮ್ಮ ಟ್ಯೂಬಿನಲ್ಲಿ ಎರಡು ಸಲ ನೋಡಿದರು. ಎರಡು ಸಲವೂ ಹೆಪ್ಪುಗಟ್ಟಿತು. ನಿಮ್ಮ ಟ್ಯೂಬಿಗೆ ಸೋಪು ತಾಗಿರಬೇಕು, ಆಗ ಒಳ್ಳೆಯ ರಕ್ತವೂ ಹೆಪ್ಪುಗಟ್ಟುವುದಿಲ್ಲ ಎಂದರು ಡಾಕ್ಟರು. ಸರ್ ಕೆಂಡವಾದರು. ಆ ಟ್ಯೂಬುಗಳಲ್ಲಿ ಮಾಡಿದ ಪರೀಕ್ಷೆಗಳನ್ನೆಲ್ಲ ಇನ್ನು ನಂಬುವುದು ಹೇಗೆ, ತೊಳೆದವರು ಯಾರು ಎಂದು ಕೇಳಿದರು. ಮಾಮ ಕೈಯಲ್ಲಿದ್ದ ಟ್ಯೂಬನ್ನು ಮೂಸಿ ನನ್ನತ್ತ ನೋಡಿದರು. ನನ್ನ ಸಂಶೋಧನೆಯ ಸೀಟು ಹೋಯಿತು ಎಂದು ರಿಕ್ಷಾದಲ್ಲಿದ್ದಾಗಿಗಿಂತ ಹೆಚ್ಚು ಹೆದರಿದೆ.

"ನಾನೇ ತೊಳ್ದದ್ದು ಸರ್. ತಪ್ಪಾಯ್ತು," ಎಂದರು ಮಾಮ.

ನಾನು ಬಾಯಿ ಬಿಡಲಿಲ್ಲ.

ಮರುವಾರ ಅವರನ್ನು ಗೇಟಿನ ಕೆಲಸಕ್ಕೆ ಹಾಕಿದರು. ದಿನಾ ನಗುತ್ತ ತಿಂಡಿ ಆಯಿತಾ ಎಂದು ಕೇಳುವರು. ನಾಳೆ ಸರ್‌ಗೆ ಹೇಳೋಣ, ನಾಡಿದ್ದು ಹೇಳೋಣ... ಕೊನೆಗೆ ನಾನು ಹಿಂದಿನ ಗೇಟಿನಿಂದ ಹೋಗತೊಡಗಿದೆ.

ಹೋದ ವರ್ಷ ಘಾಟ್ಕೋಪರ್ ಸ್ಟೇಷನ್ನಿನಲ್ಲಿ ಆಗಿನ ಸಹಪಾಠಿ ಸಿಕ್ಕಿ, ಮಾಮ ತೀರಿಕೊಂಡರೆಂದಳು. ನನಗೆ ಥಟ್ಟನೆ ನೆನಪಾಗಲಿಲ್ಲವೆಂದುಕೊಂಡು ಗುರುತು ಹೇಳಿದಳು: "ಅದೇ ಕಣೇ, ಸೋಪ್ ಮಾಮ. ನಿನ್ನನ್ನ ಸಾಯೋಷ್ಟು ಹೆದರಿಸಿದ್ರಲ್ಲ!"

ಹೌದು ಎಂದೆ. ಇನ್ನು ಹೆದರಲು ಏನೂ ಉಳಿದಿರಲಿಲ್ಲ, ಆದರೂ ಹೌದು ಎಂದುಬಿಟ್ಟೆ. ಮೊನ್ನೆ ಆ ಲೋಟವನ್ನು ಬರೀ ನೀರಿನಲ್ಲಿ ಮತ್ತೆ ಮತ್ತೆ ತೊಳೆಯುತ್ತಲೇ ಇದ್ದೆ.